ಬಾಗಿಲಲ್ಲಿ ನಿಲ್ಲುವ ಮೇಷ್ಟ್ರು

ನನ್ನ ಗಂಡ ಯಾವ ಕೋಣೆಗೂ ನೇರವಾಗಿ ಕಾಲಿಡುವವರಲ್ಲ. ಹೊಸ್ತಿಲ ಹತ್ತಿರ ನಿಲ್ಲುತ್ತಾರೆ, ತಲೆಯನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಾರೆ, ಸದ್ದಿಲ್ಲದೆ ಒಂದು ಉಸಿರು ಎಳೆದುಕೊಳ್ಳುತ್ತಾರೆ, ಆಮೇಲೆ ಒಳಗೆ ಬರುತ್ತಾರೆ. ಮದುವೆಯಾದ ಹೊಸದರಲ್ಲಿ, ಅಡುಗೆ ಸೀದಿದೆಯೋ ಇಲ್ಲವೋ ಎಂದು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ಮುಖ ಊದಿಸಿಕೊಂಡಿದ್ದೆ. ಮಲಗುವ ಕೋಣೆಯ ಬಾಗಿಲಲ್ಲೂ ಹಾಗೇ ನಿಂತಾಗ, ಇದು ಅಡುಗೆಯ ವಿಷಯವಲ್ಲ ಎಂದು ಗೊತ್ತಾಯಿತು.

ಇವರು ಕೆಮಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ಈಗ ನಿವೃತ್ತರು. ಆದರೂ ತೋಳಿಗೆ ಸೀಮೆಸುಣ್ಣದ ಪುಡಿ ಅಂಟಿದೆಯೇನೋ ಎಂಬಂತೆ ಆಗಾಗ ಅಂಗಿ ಕೊಡವಿಕೊಳ್ಳುತ್ತಾರೆ. ಹುಡುಗರು ಇಟ್ಟ ಅಡ್ಡಹೆಸರು ಮೂಗು ಮೇಷ್ಟ್ರು. ಮೂಗೇನೂ ಹೇಳಿಕೊಳ್ಳುವಂಥದ್ದಲ್ಲ, ಮುಖಕ್ಕೆ ತಕ್ಕಷ್ಟಿದೆ. ಮೊದಲ ಪಾಠದಲ್ಲಿ ‘ಮೂಗನ್ನು ನಂಬಬೇಡಿ’ ಎಂದು ಬೋರ್ಡಿನ ತುಂಬ ಬರೆದು, ಆಮೇಲೆ ವರ್ಷವಿಡೀ ಲ್ಯಾಬಿನ ಮೂಲೆಮೂಲೆ ಮೂಸುತ್ತ ತಿರುಗುವ ಮನುಷ್ಯನಿಗೆ ಹುಡುಗರು ಬೇರೇನು ಹೆಸರಿಟ್ಟಾರು?

ಮನೆಯಲ್ಲಿ ಪ್ರತಿ ಕೋಣೆಗೂ ಒಂದು ವಾಸನೆ ಇರಬೇಕು. ಹಾಲ್‌ನಲ್ಲಿ ಕಿತ್ತಳೆ ಸಿಪ್ಪೆ, ಓದುವ ಕೋಣೆಯ ಮೇಜಿನ ಮೇಲೆ ಬಟ್ಟಲಲ್ಲಿ ಲವಂಗ, ಬೀರುವಿನಲ್ಲಿ ನುಸಿಗುಳಿಗೆ, ಬಚ್ಚಲಲ್ಲಿ ಘಾಟು ಸೋಪು. ಒಣಗಿದ ಕಿತ್ತಳೆ ಸಿಪ್ಪೆಯನ್ನು ನಾನು ಎಸೆದರೆ ಸಂಜೆಯೊಳಗೆ ಹೊಸದು ಬಂದು ಕೂತಿರುತ್ತಿತ್ತು. ಬಾಗಿಲಲ್ಲಿ ನಿಂತಾಗ ಆಯಾ ಕೋಣೆಯ ವಾಸನೆ ಬಂದರೆ ಮೂಗು ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಬರದಿದ್ದರೆ ಒಳಗೆ ಹೋಗಬಾರದು. ಅಡುಗೆಮನೆಯಲ್ಲಿ ಮಾತ್ರ ಲೆಕ್ಕ ಉಲ್ಟಾ, ಗ್ಯಾಸಿನ ವಾಸನೆ ಇಲ್ಲದಿದ್ದರೆ ಒಳಗೆ. ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲನ್ನಂತೂ ಗಾಳಿಯಾಡಲಿ ಎಂದು ಇವರೇ ಕಳಚಿ ಹಿತ್ತಲಿಗೆ ಹಾಕಿದರು. ನೆಂಟರು ಬಂದಾಗ ನನ್ನ ಪೊರಕೆ, ಹಳೆ ಬಕೆಟ್ಟು ಎಲ್ಲ ಎದುರಿಗೇ ಕಾಣುತ್ತವೆ. ಮಾನ ಮೂರು ಕಾಸಿಗೆ ಹೋಗುತ್ತದೆ ಎಂದು ನಾನು ಗೊಣಗಿದ್ದು ಇವರ ಕಿವಿಗೇ ಬೀಳಲಿಲ್ಲ.

ಇವರ ಕಥೆ ಹೇಳಬೇಕೆಂದರೆ ನನ್ನ ಅಣ್ಣನಿಂದ ಶುರುಮಾಡಬೇಕು.

ಅಣ್ಣನೂ ಇವರೂ ಒಂದೇ ಕಾಲೇಜಿನಲ್ಲಿ ಓದಿದವರು. ಕಚ್ಚಾ ಎಣ್ಣೆ ಶುದ್ಧಮಾಡುವ ಕಾರ್ಖಾನೆಯೊಂದರಲ್ಲಿ ಇಬ್ಬರಿಗೂ ಒಟ್ಟಿಗೇ ಕೆಲಸ ಸಿಕ್ಕಿತು. ಒಂದೇ ಪಾಳಿ, ಒಂದೇ ಬಾಡಿಗೆ ಕೋಣೆ. ಅಣ್ಣ ಎಂಥವನೆಂದರೆ, ಬೀಗ ಹಾಕಿದ ಮೇಲೂ ಎಳೆದು ನೋಡುವವನು. ಗಲ್ಲಿಯ ತುದಿಗೆ ಹೋಗಿ, ಅನುಮಾನ ಬಂದು, ವಾಪಸು ಬಂದು ಮತ್ತೆ ಎಳೆಯುವವನು. ‘ನಿನ್ನ ಕೈಗೆ ಸಿಕ್ಕಿದ ಬೀಗ ಸವೆದು ಹೋಗತ್ತೆ ಕಣೋ’ ಎಂದು ನಾನು ಛೇಡಿಸುತ್ತಿದ್ದೆ. ಕೊನೆಯ ಸಲ ರಜೆಗೆ ಬಂದಾಗ ಅವನಿಗೆ ವಿಪರೀತ ನೆಗಡಿ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದ. ಹೊರಡುವಾಗ ನನ್ನ ಎರಡು ಕರ್ಚೀಫುಗಳನ್ನು ಕೇಳದೆಯೇ ಎತ್ತಿಕೊಂಡು ಹೋದ.

ಆ ವಾರವೇ ಕಾರ್ಖಾನೆಯ ಪಂಪಿನ ಗುಂಡಿಗೆ ಇಳಿದು ಸತ್ತ. ಗುಂಡಿಯ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿಕೊಂಡಿತ್ತಂತೆ. ಕೊಳೆತ ಮೊಟ್ಟೆಯ ವಾಸನೆಯದು. ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಬಿಡುತ್ತದೆ. ಮಾಸ್ಕ್ ಹಾಕದೆ ಇಳಿದಿದ್ದ. ವಿಚಾರಣೆ ನಡೆಸಿದವರು ‘ಸ್ವಂತ ಅಜಾಗರೂಕತೆ’ ಎಂದು ತೀರ್ಮಾನ ಕೊಟ್ಟರು. ‘ನಾನು ಬರೋ ಹೊತ್ತಿಗೆ ಅವನು ಇಳಿದಾಗಿತ್ತು’ ಎಂದು ಇವರು ಸಾಕ್ಷಿ ಹೇಳಿದರು.

ನಮ್ಮಪ್ಪ ದರ್ಜಿ. ಗಿರಾಕಿಯ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಟೇಪನ್ನು ಮತ್ತೆ ಮತ್ತೆ ಹಿಡಿದು, ಗಿರಾಕಿಗೇ ಬೇಸರ ಬರಿಸುವಷ್ಟು ಜಾಗ್ರತೆಯ ಮನುಷ್ಯ. ಮಗ ಸತ್ತ ದುಃಖಕ್ಕಿಂತ ಆ ‘ಅಜಾಗರೂಕತೆ’ ಎಂಬ ಮಾತು ಅವರನ್ನು ಹೆಚ್ಚು ತಿಂದುಹಾಕಿತು. ಯಾರಾದರೂ ಸಮಾಧಾನ ಹೇಳಲು ಬಂದರೆ, ‘ನನ್ನ ಮಗ ಆತುರಗೆಟ್ಟ, ಏನ್ ಮಾಡೋದು’ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೀಗವನ್ನು ಎರಡು ಸಲ ಎಳೆಯುವವನು ಆತುರಗೆಟ್ಟವನೇ? ಮೂಗು ಕಟ್ಟಿ ವಾಸನೆಯೇ ತಿಳಿಯದ ಸ್ಥಿತಿಯಲ್ಲಿ ಅವನು ಯಾರನ್ನೂ ಕೇಳದೆ ಆ ಗುಂಡಿಗೆ ಯಾಕೆ ಇಳಿದ? ಈ ಒಂದು ಪ್ರಶ್ನೆಯನ್ನು ನಾನು ಮದುವೆಯ ಸೀರೆಯ ಜೊತೆಗೇ ಗಂಡನ ಮನೆಗೆ ತಂದೆ.

ಮದುವೆಯಾದ ರೀತಿಯೂ ವಿಚಿತ್ರವೇ. ಅಣ್ಣ ಹೋದ ಮೇಲೆ ಇವರು ರಜೆ ಸಿಕ್ಕಾಗಲೆಲ್ಲ ಅಪ್ಪನ ಅಂಗಡಿಗೆ ಬರುತ್ತಿದ್ದರು. ಹೊಲಿಗೆ ಮೆಷಿನ್ನಿನ ಎದುರಿನ ಸ್ಟೂಲಿನ ಮೇಲೆ ಕೂರುವುದು, ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು, ಎದ್ದು ಹೋಗುವುದು. ವರ್ಷವಿಡೀ ಇದೇ ನಡೆಯಿತು. ಕೊನೆಗೆ ಅಪ್ಪ ಮೆಷಿನ್ ನಿಲ್ಲಿಸಿ, ‘ಏನಪ್ಪಾ, ನನ್ನ ಮಗಳನ್ನ ಕೇಳೋಕೆ ಇಷ್ಟು ದಿನ ಬೇಕಾ?’ ಅಂದರು. ಇವರು ಬೆವರಿ, ತಲೆ ತಗ್ಗಿಸಿ, ‘ಹೂಂ’ ಅಂದರು. ಪರದೆಯ ಹಿಂದೆ ಕಾಜಾ ಹೊಲಿಯುತ್ತಿದ್ದ ನಾನು ನಗು ತಡೆಯಲಾರದೆ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಇಂಥ ನಾಚಿಕೆಯ ಗಂಡು ಎಲ್ಲಾದರೂ ಉಂಟೇ ಎಂದು ಎಷ್ಟೋ ಕಾಲ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದೇನೆ.

ಅಷ್ಟು ಹೊತ್ತಿಗೆ ಇವರು ಕಾರ್ಖಾನೆ ಬಿಟ್ಟು ಕಾಲೇಜು ಸೇರಿದ್ದರು. ಮುಂದೆ ಡಾಕ್ಟರೇಟಿಗೆ ಇವರು ಆರಿಸಿಕೊಂಡದ್ದು ಅದೇ ಅನಿಲವನ್ನು. ಆಳೆತ್ತರದ ಗಾಜಿನ ಕಂಬದೊಳಗೆ ಬೆರಳುಗುರಿನಷ್ಟು ಚಿಕ್ಕ ಪಿಂಗಾಣಿ ಉಂಗುರಗಳನ್ನು ತುಂಬಿ, ಮೇಲಿನಿಂದ ದ್ರಾವಣ ಸುರಿಸಿ, ಕೆಳಗಿನಿಂದ ಅನಿಲ ಬಿಡುವುದು. ಉಂಗುರಗಳ ಸಂದಿಯಲ್ಲಿ ಎರಡೂ ಸಂಧಿಸಿ, ವಿಷವೆಲ್ಲ ದ್ರಾವಣಕ್ಕೆ ಇಳಿದು, ಕಂಬದ ನೆತ್ತಿಯಲ್ಲಿ ಶುದ್ಧ ಗಾಳಿ ಹೊರಬರುತ್ತದೆ. ಈ ಗಾಳಿ ತೊಳೆಯುವ ಕೆಲಸದಲ್ಲೇ ಇವರು ತಲೆ ನರೆಸಿಕೊಂಡರು. ದೊಡ್ಡ ದೊಡ್ಡ ಕಾರ್ಖಾನೆಯವರು ಸಲಹೆ ಕೇಳಿಕೊಂಡು ಬಂದರು, ಇವರು ವಿಭಾಗದ ಮುಖ್ಯಸ್ಥರಾದರು. ಸನ್ಮಾನದ ಶಾಲುಗಳನ್ನು ಇಡಲು ನಾನು ಇನ್ನೊಂದು ಬೀರು ಕೊಂಡೆ, ಅದಕ್ಕೂ ನುಸಿಗುಳಿಗೆ ಬಂತು. ಎಷ್ಟು ತೊಳೆದರೂ ಇವರಿಗೆ ಸಾಕಾಗಲಿಲ್ಲ.

ಒಮ್ಮೆ ಇವರು ಕನ್ನಡಕ ಮರೆತು ಹೋಗಿದ್ದರು. ಕೊಟ್ಟುಬರಲು ಕಾಲೇಜಿಗೆ ಹೋದೆ. ಹೊಸ ಹುಡುಗರಿಗೆ ಮೊದಲ ಪಾಠ ನಡೆಯುತ್ತಿತ್ತು. ಬಾಗಿಲು ತಳ್ಳಿದ ಕೂಡಲೇ ಪುದೀನಾ ಎಣ್ಣೆಯ ಘಾಟು ಮುಖಕ್ಕೆ ರಪ್ಪೆಂದು ಹೊಡೆಯಿತು.

‘ಬಾ, ಸರಿಯಾದ ಹೊತ್ತಿಗೆ ಬಂದೆ’ ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಇವರು ಹುಡುಗರತ್ತ ತಿರುಗಿದರು. ‘ಪಾಠ ಶುರುವಾದಾಗ ಈ ಬಾಟ್ಲಿ ತೆಗೆದೆ. ವಾಸನೆ ಬಂತು ಅಂತ ಎಲ್ಲರೂ ಕೈ ಎತ್ತಿದ್ರಿ. ಈಗ ಯಾರಿಗೆ ಬರ್ತಾ ಇದೆ?’

ಹಿಂದಿನ ಬೆಂಚಿನಲ್ಲಿ ಒಂದೋ ಎರಡೋ ಕೈ ಅರ್ಧ ಎದ್ದವು, ಅನುಮಾನಿಸಿ ಇಳಿದವು.

‘ಅಮ್ಮಾವ್ರೇ, ನೀವು ಹೇಳಿ’ ಎಂದು ಇವರು ನನ್ನತ್ತ ತಿರುಗಿದರು.

‘ಅಯ್ಯೋ, ಕಣ್ಣಲ್ಲೆಲ್ಲ ನೀರು ಬರ್ತಿದೆ, ಏನಿದು?’ ಅಂದೆ. ಹುಡುಗರು ಹೋ ಎಂದು ನಕ್ಕರು.

ಇವರು ಮಾತ್ರ ನಗಲಿಲ್ಲ. ‘ವಾಸನೆ ಎಲ್ಲೂ ಹೋಗಿಲ್ಲ. ಒಳಗೆ ಕೂತವರ ಮೂಗು ಸೋತಿದೆ ಅಷ್ಟೇ. ಪುದೀನಾ ಆದ್ರೆ ನಗಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿನ ನರವನ್ನೇ ಮಲಗಿಸಿಬಿಡತ್ತೆ. ವಾಸನೆ ನಿಂತಿತು ಅಂದ್ರೆ ಅನಿಲ ಹೋಯ್ತು ಅಂತ ಅಲ್ಲ. ಒಬ್ಬ ಇಂಜಿನಿಯರ್ ಇದನ್ನ ಓದಿದ್ದ, ಪರೀಕ್ಷೇಲಿ ಬರೆದು ಪೂರ್ತಿ ಅಂಕ ತಗೊಂಡಿದ್ದ. ಆದ್ರೂ ಮೂಗನ್ನ ನಂಬಿ ಗುಂಡಿಗೆ ಇಳಿದ’ ಅಂದರು.

ಆ ಇಂಜಿನಿಯರ್ ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕನ್ನಡಕವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಸಂಜೆ ಇವರು ಬಂದಾಗ ನೇರವಾಗಿಯೇ ಕೇಳಿದೆ.

‘ಅಣ್ಣನಿಗೆ ನೆಗಡಿ ಆಗಿತ್ತಲ್ಲ. ಅವನ ಮೂಗು ಮೊದಲೇ ಕಟ್ಟಿತ್ತು. ಅವನು ಯಾವ ಮೂಗನ್ನ ನಂಬಿ ಇಳಿದ?’

ಇವರು ಬೂಟಿನ ದಾರ ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ. ‘ಗೊತ್ತಿಲ್ಲ. ನಾನು ಬರೋ ಹೊತ್ತಿಗೆ ಇಳಿದಾಗಿತ್ತು’ ಅಂದರು. ಬಿಚ್ಚಿದ ದಾರವನ್ನು ಮತ್ತೆ ಕಟ್ಟಿಕೊಂಡು ಹೊರಗೆ ನಡೆದುಬಿಟ್ಟರು.

ಆಮೇಲೆ ನಾನು ಕೇಳಲಿಲ್ಲ. ಕೇಳದಿದ್ದರೂ ಅಣ್ಣ ಮನೆಯಲ್ಲೇ ಇದ್ದ. ಭೂತಪ್ರೇತಗಳನ್ನು ನಾನು ನಂಬುವುದಿಲ್ಲ. ಆದರೆ ಇವರು ಬಾಗಿಲಲ್ಲಿ ನಿಂತು ತಲೆ ಚಾಚುವುದು, ಒಳಗಿನಿಂದ ಬರುವ ಯಾರಿಗೋ ದಾರಿ ಬಿಡುವ ಹಾಗೆ ಕಾಣುತ್ತಿತ್ತು. ಒಬ್ಬಳೇ ಇದ್ದಾಗ ಯಾವ ಕಾರಣವೂ ಇಲ್ಲದೆ ಕೊಳೆತ ಮೊಟ್ಟೆಯ ವಾಸನೆ ಬಂದಂತಾಗಿ, ಮನೆಯ ಚರಂಡಿಯನ್ನೆಲ್ಲ ಬಿಸಿನೀರು ಹಾಕಿ ತಿಕ್ಕುತ್ತಿದ್ದೆ. ಮಗಳು ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಖಾಲಿ ನೀರಿನ ಡ್ರಮ್ಮಿಗೆ ಇಳಿದು ಕೂತಿದ್ದಳು. ಇವರು ಅವಳನ್ನು ತೋಳು ಹಿಡಿದು ಎಳೆದು ಹೊರಗೆ ಹಾಕಿ ಕೆನ್ನೆಗೆ ಬಾರಿಸಿದರು. ಜೀವಮಾನದಲ್ಲಿ ಅವಳ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಆಮೇಲೆ ಡ್ರಮ್ಮಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳಿಗಿಂತ ಹೆಚ್ಚು ಅತ್ತರು.

ಅಪ್ಪ ಹಾಸಿಗೆ ಹಿಡಿದಾಗ ನಮ್ಮಲ್ಲೇ ಇದ್ದರು. ಇವರೇ ಮೈ ಒರೆಸಿದರು, ಇವರೇ ಗಂಜಿ ಕುಡಿಸಿದರು. ‘ಮಗ ಆತುರ ಮಾಡಿದ, ದೇವರು ಅಳಿಯನ್ನ ಕೊಟ್ಟ’ ಎಂದು ಇವರ ಕೈ ಹಿಡಿದುಕೊಂಡೇ ಅಪ್ಪ ಹೋದರು. ಇವರು ಆ ಕೈಯನ್ನು ತುಂಬ ಹೊತ್ತು ಬಿಡಿಸಿಕೊಳ್ಳಲಿಲ್ಲ.

ನಿವೃತ್ತಿಯಾದ ಮೇಲೆ ಇವರ ಮೂಗು ಕೈಕೊಟ್ಟಿತು. ಮೊದಲು ಲವಂಗ, ಆಮೇಲೆ ಕಿತ್ತಳೆ, ಕೊನೆಗೆ ನುಸಿಗುಳಿಗೆಯೂ ತಿಳಿಯದಾಯಿತು. ವಯಸ್ಸಾದಂತೆ ಕೆಲವರಿಗೆ ಹೀಗಾಗುತ್ತದೆ, ಔಷಧಿ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಬೇರೆಯವರಾಗಿದ್ದರೆ ಊಟ ರುಚಿಸುವುದಿಲ್ಲ ಎಂದು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ಇವರು ಕಣ್ಣು ಹೋದವರಂತೆ ಆಗಿಬಿಟ್ಟರು. ಪ್ರತಿ ಬಾಗಿಲಲ್ಲೂ ನಿಂತು, ‘ಏನೇ, ವಾಸನೆ ಇದೆಯಾ?’ ಎಂದು ಕೂಗುವರು. ‘ಕಿತ್ತಳೆ ಬರ್ತಿದೆ, ಬನ್ನಿ’, ‘ಸೋಪು ಬರ್ತಿದೆ, ಹೋಗಿ’ ಎಂದು ನಾನು ಇದ್ದಲ್ಲಿಂದಲೇ ಹೇಳಬೇಕು. ಕೆಲವು ಸಲ ನೋಡದೆಯೇ ಹೇಳುತ್ತಿದ್ದೆ. ಒಂದು ಮನೆಯನ್ನೂ ಒಂದು ಮೂಗನ್ನೂ ಒಬ್ಬಳೇ ಸಂಭಾಳಿಸುವುದು ಸುಲಭವಲ್ಲ.

ಅವತ್ತು ಬೆಳಿಗ್ಗೆ ಗಾಳಿ ಜೋರಾಗಿತ್ತು. ಒಲೆಯ ಮೇಲೆ ಬೇಳೆಯನ್ನು ಸಣ್ಣ ಉರಿಯಲ್ಲಿಟ್ಟು, ಅಡುಗೆಮನೆಯ ಕಿಟಕಿ ಮುಚ್ಚಿ, ಒಲೆಗೆ ಬೆನ್ನುಹಾಕಿ ಬಟಾಣಿ ಬಿಡಿಸುತ್ತ ಕೂತಿದ್ದೆ. ಕಿಟಕಿ ಮುಚ್ಚುವ ಮುಂಚೆಯೇ ಗಾಳಿಗೆ ಉರಿ ಆರಿಹೋಗಿತ್ತು. ದೊಡ್ಡ ಪಾತ್ರೆಯ ಕೆಳಗೆ ಅದು ನನಗೆ ಕಾಣಲಿಲ್ಲ. ಇವರು ಬಾಗಿಲಿಗೆ ಬಂದರು.

‘ವಾಸನೆ ಇದೆಯಾ?’

ಬುಟ್ಟಿಯ ತುಂಬ ಬಟಾಣಿ ಬಾಕಿ ಇತ್ತು, ನನಗೆ ರೇಗಿತು. ಆದರೂ ಅವತ್ತು ನಾನು ಬಾಯಿಮಾತಿಗೆ ಹೇಳಲಿಲ್ಲ. ನಿಜವಾಗಿಯೂ ಉಸಿರೆಳೆದು ನೋಡಿದೆ. ‘ಏನೂ ವಾಸನೆ ಇಲ್ಲ. ಬನ್ನಿ ಒಳಗೆ’ ಅಂದೆ.

ಇವರು ಬಂದರು. ಚಹಾಕ್ಕೆ ನೀರಿಟ್ಟುಕೊಳ್ಳಲು ಲೈಟರ್ ಕೈಗೆ ತೆಗೆದುಕೊಂಡರು. ಅದೇ ಗಳಿಗೆಗೆ ಹಿತ್ತಲ ಬಾಗಿಲಿಂದ ಮಗಳು ಬಂದಳು. ಅವಳ ಮನೆ ಹಿಂದಿನ ಬೀದಿಯಲ್ಲೇ, ದಿನವೂ ಒಂದು ಸುತ್ತು ಬಂದು ಹೋಗುತ್ತಾಳೆ. ‘ಅಪ್ಪಾ, ಹಚ್ಚಬೇಡಿ. ಮನೆ ತುಂಬ ಗ್ಯಾಸು’ ಎಂದು ಕೈಯಿಂದ ಲೈಟರ್ ಕಿತ್ತುಕೊಂಡು, ಒಲೆಯ ನಾಬ್ ತಿರುಗಿಸಿ, ಕಿಟಕಿ ಬಾಗಿಲು ಬಡಿದು ತೆಗೆದು, ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಹಿತ್ತಲಿಗೆ ದಬ್ಬಿದಳು. ‘ಅಮ್ಮ, ನಿಂಗೆ ಗೊತ್ತಾಗ್ಲಿಲ್ವಾ? ಗೇಟಿನವರೆಗೂ ಬರ್ತಿದೆ’ ಎಂದು ಬೈದಳು. ನನಗೆ ಆಗಲೂ ಏನೂ ಗೊತ್ತಾಗಿರಲಿಲ್ಲ. ಹೊರಗಿನ ಗಾಳಿಯಲ್ಲಿ ನಾಲ್ಕು ಉಸಿರು ಎಳೆದು ಮತ್ತೆ ಬಾಗಿಲ ಹತ್ತಿರ ಹೋದ ಮೇಲೆ ಮೂಗಿಗೆ ಬಡಿಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇವರು ಬಂದು ಪಕ್ಕದಲ್ಲಿ ಕೂತರು. ಬಿಳಿಚಿಕೊಂಡಿದ್ದರು. ಮಗಳು ಒಳಗೆ ಫ್ಯಾನು ಹಾಕದೆ, ಟವಲಿನಿಂದ ಗಾಳಿ ಬೀಸುತ್ತಿದ್ದಳು.

‘ನನಗೆ ನಿಜವಾಗ್ಲೂ ಬರ್ಲಿಲ್ಲ ರೀ’ ಅಂದೆ.

‘ಗೊತ್ತು. ನನಗೂ ಬರ್ಲಿಲ್ಲ.’

‘ನಿಮಗೆ ಎಲ್ಲಿಂದ ಬರಬೇಕು.’

‘ಇವತ್ತಲ್ಲ. ಅವತ್ತು’ ಅಂದರು.

ಇಷ್ಟು ವರ್ಷ ಕಾದ ಮಾತು ಬಂದಾಗ ಅದನ್ನು ಕೇಳಿಸಿಕೊಳ್ಳದೆ ಎದ್ದು ಓಡಬೇಕೆನಿಸಿತು.

‘ಅವನು ಮಾಸ್ಕ್ ತರೋಕೆ ಗೋದಾಮಿಗೆ ಹೊರಟಿದ್ದ. ದೂರ ಇತ್ತು. ನಾನು ಗುಂಡಿ ಅಂಚಲ್ಲಿ ಬಗ್ಗಿ ನಿಂತಿದ್ದೆ. ಮೊದಲು ಜೋರು ವಾಸನೆ ಇತ್ತು, ಆಮೇಲೆ ನಿಂತುಹೋಯ್ತು. ಅವನು ಅರ್ಧ ದಾರಿಯಿಂದ ತಿರುಗಿ, ನನ್ನ ಮೂಗು ಕಟ್ಟಿದೆ ಕಣೋ, ನೀನೇ ನೋಡಿ ಹೇಳು, ವಾಸನೆ ಇದೆಯಾ ಅಂದ. ಇಲ್ಲ ಕಣೋ, ಹೋಯ್ತು, ಇಳಿ ಅಂದೆ. ಎರಡನೇ ಮಾತು ಕೇಳಲಿಲ್ಲ. ವಾಪಸ್ ಬಂದು ಏಣಿ ಇಳಿದ.’

ಬೀಗವನ್ನು ಎರಡು ಸಲ ಎಳೆಯುವವನು ಸ್ನೇಹಿತನ ಮಾತನ್ನು ಎರಡನೇ ಸಲ ಎಳೆದು ನೋಡಲಿಲ್ಲ. ಅಣ್ಣ ಕೇಳಿಯೇ ಇಳಿದಿದ್ದ. ನನಗೆ ಅಳು ಬಂದದ್ದು ದುಃಖಕ್ಕೋ ಸಮಾಧಾನಕ್ಕೋ ಇವತ್ತಿಗೂ ಹೇಳಲಾರೆ.

‘ಅಪ್ಪನ ಅಂಗಡಿಗೆ ಬರ್ತಿದ್ದದ್ದು ಇದನ್ನ ಹೇಳೋಕಾ?’

‘ಹೌದು.’

‘ಹೇಳದೆ ನನ್ನನ್ನ ಮದುವೆ ಆದ್ರಿ.’

ಇವರು ಅಂಗಿಯ ತೋಳು ಕೊಡವಿಕೊಂಡರು.

‘ಅಪ್ಪ ಸಾಯೋವಾಗ ನಿಮ್ಮ ಕೈ ಹಿಡ್ಕೊಂಡಿದ್ರು. ಮಗನನ್ನ ಆತುರಗೆಟ್ಟ ಅಂದ್ಕೊಂಡೇ ಹೋದ್ರು. ಆಗಲೂ ಬಾಯಿ ಬಿಡ್ಲಿಲ್ಲ.’

‘ಇಲ್ಲ’ ಅಂದರು.

ಅಣ್ಣನಿಗೆ ಇಳಿ ಎಂದದ್ದಕ್ಕೆ ನಾನು ಇವರನ್ನು ಏನೂ ಅನ್ನಲಾರೆ. ಆ ಬೆಳಿಗ್ಗೆ ಅದೇ ಮಾತನ್ನು, ಅದೇ ನಂಬಿಕೆಯಿಂದ, ನನ್ನ ಬಾಯಿಂದಲೇ ಹೇಳಿದ್ದೆನಲ್ಲ. ಆದರೆ ದರ್ಜಿಯೊಬ್ಬನಿಗೆ ಅವನ ಮಗನನ್ನು ವಾಪಸು ಕೊಡಲು ಒಂದು ವಾಕ್ಯ ಸಾಕಾಗಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದರಲ್ಲ, ಅದಕ್ಕೆ ಅನ್ನುತ್ತೇನೆ. ಅಂದಿದ್ದೇನೆ, ಮುಂದೆಯೂ ಅನ್ನುವವಳೇ.

ಆಮೇಲೆ ಕೆಲವು ದಿನ ನಾನು ಬಾಗಿಲಲ್ಲಿ ಉತ್ತರ ಕೊಡುವುದನ್ನು ನಿಲ್ಲಿಸಿಬಿಟ್ಟೆ. ‘ವಾಸನೆ ಇದೆಯಾ?’ ಎನ್ನುವರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರುವೆ. ಇವರು ಒಳಗೆ ಬರಲಾರದೆ, ಹಿಂದಕ್ಕೂ ಹೋಗಲಾರದೆ ಹೊಸ್ತಿಲ ಆಚೆಯೇ ನಿಂತಿರುವರು. ಸ್ನಾನದ ಟವಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲ ಮುಂದೆ, ಚಹಾದ ಲೋಟ ಹಿಡಿದುಕೊಂಡು ಓದುವ ಕೋಣೆಯ ಮುಂದೆ. ಮನೆಯ ಯಾವ ಕಡೆ ತಿರುಗಿದರೂ ಉತ್ತರಕ್ಕೆ ಕಾದು ನಿಂತ ಒಬ್ಬ ಗಂಡಸು. ಒಂದು ಸಂಜೆ ಹಾಲ್‌ನ ಅರೆಬೆಳಕಿನಲ್ಲಿ ಅದು ಇವರೋ ಅಣ್ಣನೋ ನನಗೆ ಗೊತ್ತಾಗಲಿಲ್ಲ. ಹೆದರಿ ಲೈಟು ಹಾಕಿದೆ. ಇವರೇ ಆಗಿದ್ದರು, ಕಾಲು ನೋಯುತ್ತಿದೆಯೆಂದು ಗೋಡೆ ಹಿಡಿದುಕೊಂಡಿದ್ದರು.

‘ಕಾಲೇಜಿನವರು ಈ ವರ್ಷವೂ ಮೊದಲ ಪಾಠಕ್ಕೆ ಕರೀತಾರಲ್ಲ’ ಅಂದೆ. ‘ಇಷ್ಟು ವರ್ಷ ಆ ಕಥೆ ಹೇಳಿ ಹೇಳಿ ನನ್ನಣ್ಣನ್ನ ಮತ್ತೆ ಮತ್ತೆ ಗುಂಡಿಗೆ ಇಳಿಸಿದ್ರಿ. ಈ ಸಲ ಸರಿಯಾಗಿ ಹೇಳಿ. ನಾನೂ ಬಂದು ಕೂತ್ಕೋತೀನಿ.’

ಇವರು ತಲೆಯಾಡಿಸಿದರು. ‘ಕಿತ್ತಳೆ ಬರ್ತಿದೆ, ಬನ್ನಿ’ ಅಂದೆ.

ಪಾಠದ ದಿನ ಇವರಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, ನಾನು ಹಿಂದಿನ ಬೆಂಚಿನಲ್ಲಿ ಹುಡುಗಿಯರ ನಡುವೆ ಕೂತೆ. ಇವರು ಬಾಟಲಿಯ ಬಿರಡೆ ತೆಗೆದರು, ಪುದೀನಾ ಘಾಟು ಹರಡಿತು, ಎಲ್ಲರೂ ಕೈ ಎತ್ತಿದರು. ಪಾಠ ನಡೆಯಿತು. ಗಾಜಿನ ಕಂಬ, ಪಿಂಗಾಣಿ ಉಂಗುರ, ಭಾರದ ಅನಿಲ. ಆಮೇಲೆ ಇವರು ಸೀಮೆಸುಣ್ಣ ಕೆಳಗಿಟ್ಟು ಮೇಜಿನ ಅಂಚು ಹಿಡಿದುಕೊಂಡರು.

‘ಒಬ್ಬ ಇಂಜಿನಿಯರ್ ಇದ್ದ’ ಅಂದರು. ‘ತುಂಬ ಜಾಗ್ರತೆಯ ಮನುಷ್ಯ. ಮೂಗು ಕಟ್ಟಿತ್ತು, ಅದು ಅವನಿಗೇ ಗೊತ್ತಿತ್ತು. ಅದಕ್ಕೆ ಸ್ನೇಹಿತನನ್ನ ಕೇಳಿದ. ಸ್ನೇಹಿತ ಗುಂಡಿಯ ಅಂಚಲ್ಲಿ ಹೆಚ್ಚು ಹೊತ್ತು ನಿಂತಿದ್ದ, ಅವನ ಮೂಗು ಸೋತಿತ್ತು. ವಾಸನೆ ಇಲ್ಲ, ಇಳಿ ಅಂದ. ಅವನು ಇಳಿದು ಸತ್ತ. ಆ ಸ್ನೇಹಿತ ನಾನು. ನಾನು ಬರೋ ಹೊತ್ತಿಗೆ ಇಳಿದಾಗಿತ್ತು ಅಂತ ಸುಳ್ಳು ಹೇಳಿದೆ. ಅವನನ್ನ ಅಜಾಗರೂಕ ಅಂತ ಬರೆದ್ರು. ನಿಮಗಿಂತ ಮುಂಚೆ ಇಲ್ಲಿ ಕೂತವರಿಗೆಲ್ಲ ನಾನೂ ಹಾಗೇ ಹೇಳ್ತಾ ಬಂದೆ. ಅದು ಸುಳ್ಳು.’

ನನ್ನ ಪಕ್ಕದ ಹುಡುಗಿ ಪೆನ್ನಿನ ಮುಚ್ಚಳ ಹಾಕುವುದನ್ನು ಮರೆತು ಕೂತಿದ್ದಳು. ಇವರಿಗೆ ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ. ಅಭ್ಯಾಸದಿಂದ ಬಾಟಲಿಯ ಮೇಲೆ ಕೈಯಿಟ್ಟು, ‘ಈಗ ಯಾರಿಗೆ ವಾಸನೆ ಬರ್ತಿದೆ?’ ಅಂದರು. ಒಂದು ಕೈಯೂ ಏಳಲಿಲ್ಲ. ಬಾಗಿಲ ಕಡೆ ನೋಡಿದರು, ಅಲ್ಲಿ ಯಾರೂ ಇರಲಿಲ್ಲ. ಆಗ ಕಣ್ಣು ಹಿಂದಿನ ಬೆಂಚಿಗೆ, ನನ್ನ ಮೇಲೆ ಬಂತು. ಮನೆಯ ಬಾಗಿಲುಗಳಲ್ಲಿ ಕೇಳುವ ದನಿಯಲ್ಲೇ ಕೇಳಿದರು.

‘ಏನೇ, ವಾಸನೆ ಇದೆಯಾ?’

ನಾನು ಉಸಿರೆಳೆದು ನೋಡಿದೆ.

‘ನನ್ನನ್ನ ಕೇಳಬೇಡಿ. ನಾನೂ ಮೊದಲಿಂದ ಒಳಗೇ ಕೂತಿದ್ದೀನಿ’ ಅಂದೆ.